ಬಚ್ಚಲ ನೀರಿನ ಪಾಲು

೧೯೭೯ರ ಮಾರ್ಚ್ ೧೮. ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು, ಗಾಳಿಯ ಸುಳಿವಿರಲಿಲ್ಲ.

ಆಗ ನಾನು ಜಗಳೂರಿನಲ್ಲಿ ಮೇಷ್ಟ್ರು. ಬಾಡಿಗೆ ಮನೆಯ ಹಿತ್ತಿಲಲ್ಲಿ ಟೊಮ್ಯಾಟೊ ಬೆಳೆದಿದ್ದೆ. ಜೊತೆಗೆ ಚಕ್ರಮುನಿ ಸೊಪ್ಪೂ ಇತ್ತು. ಅದನ್ನು ತಿನ್ನಲು ಓಣಿಯಲ್ಲಿ ಯಾರೂ ಒಪ್ಪಿರಲಿಲ್ಲ. ಪಕ್ಕದಲ್ಲೇ ಇದ್ದ ಮಾಲೀಕ ರುದ್ರಪ್ಪನವರ ಬಚ್ಚಲ ನೀರು ಗೋಡೆಯ ತೂತಿನಿಂದ ನನ್ನ ಗಿಡಗಳಿಗೆ ಹರಿಯುತ್ತಿತ್ತು. ಉಳಿದ ಹಿತ್ತಿಲುಗಳೆಲ್ಲ ಒಣಗಿದ್ದರೂ ನನ್ನದು ಹಸಿರಾಗಿತ್ತು.

ಅಂದು ರುದ್ರಪ್ಪ ಬಂದು ಕೆಂಪಗಾದ ಹಣ್ಣುಗಳನ್ನು ನೋಡಿ, "ಮೇಷ್ಟ್ರೇ, ಇದ್ರಾಗೆ ನಮ್ಮನೆ ಏಳು ಜನದ ಸ್ನಾನ ಐತೆ. ಅರ್ಧ ಪಾಲು ಕೊಡ್ರಿ, ಇಲ್ಲಾಂದ್ರೆ ತೂತು ಮುಚ್ತೀನಿ" ಅಂದರು.

ಮುಚ್ಚಿದರೆ ಗಿಡಗಳು ಎರಡು ದಿನ ಬದುಕುವುದಿಲ್ಲ. ಆದರೂ ಕೇಳಿದೆ: "ಅದರಲ್ಲಿ ನಿಮ್ಮ ಸ್ನಾನದ್ದೆಷ್ಟು?"

ಉತ್ತರ ಗೋಡೆಯಾಚೆಯಿಂದ ಅವರ ಹೆಂಡತಿ ಗಿರಿಜಮ್ಮ ಕೊಟ್ಟರು. "ಅವರು ಮೈಗೆ ನೀರು ಹಾಕ್ಕೊಂಡು ಐದು ದಿನ ಆತು. ಅವರದೇನ್ ಪಾಲು? ಸ್ನಾನಕ್ಕೊಂದು ಹಣ್ಣು ಕೊಡ್ರಿ ಮೇಷ್ಟ್ರೇ, ಸಾಕು."

ಇಬ್ಬರೂ ಒಪ್ಪಿದೆವು. ಮರುದಿನ ಬೆಳಿಗ್ಗೆ ರುದ್ರಪ್ಪ ಒದ್ದೆ ತಲೆಯಲ್ಲಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಕೈ ಚಾಚಿದರು. ಸಂಜೆ ಮತ್ತೆ ಒದ್ದೆ ತಲೆ. ಮೂರನೆಯ ದಿನ ಮಧ್ಯಾಹ್ನವೂ ಬಂದರು. ಹಿಂದೆಯೇ ಖಾಲಿ ಕೊಡ ಹಿಡಿದು ಬಂದ ಗಿರಿಜಮ್ಮ ಅವರ ಕೈಯಿಂದ ಹಣ್ಣು ಕಸಿದುಕೊಂಡು, "ಅರ್ಧ ಮೈಲಿಯಿಂದ ನೀರು ಹೊತ್ತೋರು ಯಾರ್ರೀ?" ಅಂದರು.

ಕೊನೆಗೆ ಎಷ್ಟು ಕೊಟ್ಟಿರಿ ಎಂದು ಗೆಳೆಯರು ಈಗಲೂ ಕೇಳುತ್ತಾರೆ. ಆ ಬೇಸಿಗೆ ಪೂರ್ತಿ ಸ್ನಾನಕ್ಕೊಂದರಂತೆ ಹಣ್ಣು ಗಿರಿಜಮ್ಮನ ಸೆರಗಿಗೆ ಹೋಯಿತು. ರುದ್ರಪ್ಪನವರ ಪಾಲಿಗೆ ಬಂದದ್ದು ಚಕ್ರಮುನಿ ಸೊಪ್ಪು.