ಶಾಸಕರ ಮೇಜಿನ ಲಿಂಬೆಹಣ್ಣು

ಇಂಡಿಯ ಬಸ್ ನಿಲ್ದಾಣದಲ್ಲಿ ಸಿಂದಗಿಯ ಬಸ್ಸು ತಡವೆಂದರು. ಹೊತ್ತು ಹೋಗದೆ ಎದುರಿನ ಪ್ರವಾಸಿ ಮಂದಿರಕ್ಕೆ ಹೋದೆ. ಅಲ್ಲಿ ಶಾಸಕರು ಜನರನ್ನು ಕಾಣುತ್ತಿದ್ದರು. ಈ ಕಡೆ ದೊಡ್ಡವರ ಮುಂದೆ ಬರಿಗೈಯಲ್ಲಿ ನಿಲ್ಲುವುದಿಲ್ಲ. ಬಂದವರೆಲ್ಲ ಒಂದೊಂದು ಲಿಂಬೆಹಣ್ಣು ಕೊಟ್ಟು ಕೈಮುಗಿಯುತ್ತಿದ್ದರು. ಮೇಜಿನ ಮೇಲೆ ಹಳದಿ ರಾಶಿಯೇ ಬಿದ್ದಿತ್ತು.

ಹಸಿರು ಸೀರೆಯ ಹೆಂಗಸೊಬ್ಬಳು ತನ್ನ ಹಣ್ಣು ಕೊಟ್ಟು ಕೇಳಿದಳು: “ನಮ್ಮ ಮನಿಯವರು ಪುಣೆದಾಗ ವಾಚ್‌ಮನ್ ಅದಾರ್ರಿ, ಸಾಹೇಬ್ರ. ಇಲ್ಲೇ ಏನರ ಕೆಲಸ ಐತೇನ್ರಿ?”

“ಟ್ಯಾಕ್ಸ್ ಇಳಿಸಿದ್ರ ಕಾರ್ಖಾನಿ ಬರ್ತಾವ ಯವ್ವಾ, ಕಾರ್ಖಾನಿ ಬಂದ್ರ ಕೆಲಸಾನೂ ಬರ್ತಾವ. ಸದನದಾಗ ಅದನ್ನ ಹೇಳಾಕತ್ತೇನಿ,” ಎಂದರು ಶಾಸಕರು. ಮಾತು ಸುಳ್ಳೆನಿಸಲಿಲ್ಲ, ಆದರೆ ಅದರಲ್ಲಿ ಅವಸರವೂ ಇರಲಿಲ್ಲ. ರಾಶಿಯಿಂದ ಒಂದು ಹಣ್ಣು ತೆಗೆದು, ಆಶೀರ್ವಾದವೆಂಬಂತೆ ಅವಳ ಕೈಗಿಟ್ಟರು.

ಬಸ್ಸಿನಲ್ಲಿ ಅವಳು ನನ್ನ ಪಕ್ಕವೇ ಕೂತಳು. ಊರು ದಾಟುವವರೆಗೂ ಆ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು, ಮೂಸಿದಳು.

“ಇದು ನಮ್ಮ ಗಿಡದ್ದಲ್ರಿ, ಅಕ್ಕಾರ,” ಎಂದಳು. “ನಾ ಕೊಟ್ಟದ್ದು ನಮ್ಮವರು ಪುಣೆಗೆ ಹೋಗೂ ಮುಂದ ಹಚ್ಚಿದ ಗಿಡದ ಮೊದಲನೇ ಹಣ್ಣು. ಅವರಿಗಂತ ಇಟ್ಟಿದ್ದೆ. ಸಾಹೇಬ್ರು ಅವರನ್ನ ಊರಿಗೆ ಕರೆಸ್ತಾರಂತ ಕೊಟ್ಟೆ.”