ನಾದದೆ ಬಿಟ್ಟ ಹಿಟ್ಟು

ಪುಷ್ಪಲತಾಳಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವಳ ಮನೆ. ಮನೆಯ ಮುಂದಿನ ಪಡಸಾಲೆಯೇ ಖಾನಾವಳಿ. ಮದುವೆಯಾಗಿ ಬಂದ ಮರುವಾರವೇ ಅತ್ತೆ ದಾಕ್ಷಾಯಣಮ್ಮ ಅವಳನ್ನು ಒಲೆಯ ಮುಂದೆ ಕೂರಿಸಿದ್ದರು. ಅಂದಿನಿಂದ ಆ ಪಡಸಾಲೆಯಲ್ಲಿ ಉಂಡವರೆಲ್ಲ ಉಂಡದ್ದು ಅವಳ ಕೈಯ ಜೋಳದ ರೊಟ್ಟಿ. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಗಿರಾಕಿಗಳು ಚಪ್ಪಲಿ ಬಿಡುತ್ತಿದ್ದರು.

ಅಂಥವಳು ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಪ್ಲಾಸ್ಟರ್ ಹಾಕಿ, ವಾಸಿಯಾಗುವವರೆಗೆ ಈ ಕೈಯಲ್ಲಿ ಚಮಚವನ್ನೂ ಎತ್ತಬೇಡಿ ಎಂದು ಕಳಿಸಿದರು. ಗಂಡ ಗವಿಸಿದ್ದೇಶ್ ಅಂದೇ ಸಂಜೆ ರೊಟ್ಟಿಗೆ ಓಬಮ್ಮನನ್ನು ಗೊತ್ತುಮಾಡಿದ. ಓಬಮ್ಮ ಪಕ್ಕದ ಓಣಿಯವಳು. ಮಾತು ಕಡಿಮೆ, ಕೈ ಚುರುಕು. ಪುಷ್ಪಲತಾ ಒಳಕೋಣೆಯ ಹೊಸ್ತಿಲ ಮೇಲೆ ಕೂತು ಅವಳು ಬಡಿಯುವುದನ್ನು ಕೇಳುತ್ತಿದ್ದಳು. ಎರಡು ದಿನ ತಪ್ಪು ಹುಡುಕಿದಳು, ಸಿಗಲಿಲ್ಲ. ಮೂರನೆಯ ದಿನ ದಿನಾಲೂ ಉಣ್ಣಲು ಬರುವ ಬೀಜದಂಗಡಿಯ ಬೀರಲಿಂಗೇಶ್, "ರೊಟ್ಟಿ ಹೂವಿನಂಗ ಅದಾವ ನೋಡವ್ವ ಓಬಮ್ಮ!" ಅಂದದ್ದು ಕಿವಿಗೆ ಬಿತ್ತು. ಪುಷ್ಪಲತಾ ಎದ್ದು ಹಿತ್ತಲಿಗೆ ಹೋದಳು. ಅಲ್ಲಿಯೂ ನಿಲ್ಲಲಾಗದೆ ಮತ್ತೆ ಒಳಗೆ ಬಂದಳು. ಎಡಗೈಯಲ್ಲಿ ಡಬ್ಬಿಗಳನ್ನು ಸರಿಸಿಟ್ಟಳು, ಸರಿಸಿಟ್ಟದ್ದನ್ನೇ ಮತ್ತೆ ಸರಿಸಿದಳು.

ಹೀಗೆ ಒದ್ದಾಡುತ್ತಿದ್ದಾಗಲೇ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಜರ್ಮನಿಯಲ್ಲಿರುವ ಕನ್ನಡದ ಹೆಣ್ಣುಮಗಳೊಬ್ಬಳು ಅಲ್ಲಿನ ಹಳ್ಳಿಯವರ ಕಪ್ಪು ಬ್ರೆಡ್ ಮಾಡಿ ತೋರಿಸುತ್ತಿದ್ದಳು. ರೈ ಅನ್ನುವ ಧಾನ್ಯದ ಹಿಟ್ಟು, ಅದಕ್ಕೊಂದಿಷ್ಟು ಗೋಧಿಹಿಟ್ಟು, ಉಪ್ಪು, ಚಿಟಿಕೆ ಯೀಸ್ಟ್, ನೀರಿನ ಬದಲು ಬಿಯರ್. ನಾದುವಂತಿಲ್ಲ, ಬಡಿಯುವಂತಿಲ್ಲ. ಸೌಟಿನಲ್ಲಿ ಕಲಸಿ ಮುಚ್ಚಿಟ್ಟರೆ ಮುಗಿಯಿತು. ಇದಕ್ಕೆ ಒಂದೇ ಕೈ ಸಾಕಲ್ಲವೇ ಎಂದು ಪುಷ್ಪಲತಾ ಎದ್ದು ಕೂತಳು.

ರೈ ಹಿಟ್ಟು ಪಾರ್ಸೆಲ್ಲಿನಲ್ಲಿ ಬಂತು. ದಾಕ್ಷಾಯಣಮ್ಮ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ, "ಸಜ್ಜಿ ಹಿಟ್ಟಿನಂಗ ಐತಿ ತಗೋ," ಅಂದರು. ತೊಡಕಾದದ್ದು ಬಿಯರು. ಲಿಂಗಪೂಜೆ ಇಲ್ಲದೆ ನೀರು ಮುಟ್ಟದ ಮನೆ ಅದು. ಗಂಡನನ್ನು ಕೇಳಲು ಬಾಯಿ ಬರಲಿಲ್ಲ. ಊರೊಳಗಿನ ಅಂಗಡಿಗೆ ಹೋಗುವುದಂತೂ ಆಗದ ಮಾತು. ಕೈ ತೋರಿಸಿಕೊಂಡು ಬರುತ್ತೇನೆಂದು ಹೇಳಿ ಅವಳು ಕೂಡ್ಲಿಗಿ ಬಸ್ ಹತ್ತಿದಳು.

ಕೂಡ್ಲಿಗಿಯಲ್ಲಿ ವೈನ್ ಶಾಪಿನ ಮುಂದೆ ಎರಡು ಸಲ ಹಾದುಹೋದಳು. ಮೂರನೆಯ ಸಲ ತಲೆ ತುಂಬ ಸೆರಗು ಹೊದ್ದು ಮೆಟ್ಟಿಲು ಹತ್ತಿಯೇಬಿಟ್ಟಳು.

"ಏನ್ ಬೇಕ್ರಿ ಅಕ್ಕಾರ?" ಅಂದ ಅಂಗಡಿಯವನು.

"ಬಿಯರ್ ರೀ. ಒಂದು."

"ತಣ್ಣಂದು ಕೊಡ್ಲ್ಯಾ?"

"ಹಿಟ್ಟಿಗೆ ಹಾಕಾಕ... ಯಾವ್ದಾದ್ರೂ ನಡಿತೈತ್ರಿ."

ಅವನು ಅವಳ ಮುಖವನ್ನೊಮ್ಮೆ ಪ್ಲಾಸ್ಟರನ್ನೊಮ್ಮೆ ನೋಡಿ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ವಾಪಸ್ಸು ಬರುವಾಗ ಬಸ್ಸು ಕುಣಿದಾಗಲೆಲ್ಲ ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಯಾರಾದರೂ ತಿರುಗಿ ನೋಡಿದರೆ ತನ್ನ ಚೀಲವನ್ನೇ ನೋಡಿದಂತೆ ಅನಿಸುತ್ತಿತ್ತು.

ನೋಡಿದವನೊಬ್ಬ ಇದ್ದೇ ಇದ್ದ. ಬೀರಲಿಂಗೇಶ್ ಅಂದು ಬೀಜದ ವ್ಯಾಪಾರಕ್ಕೆಂದು ಕೂಡ್ಲಿಗಿಗೆ ಹೋಗಿದ್ದ. ಅವಳು ಅಂಗಡಿಯ ಮೆಟ್ಟಿಲಿಳಿಯುವುದನ್ನು ಕಂಡು ಅಲ್ಲಿಂದಲೇ ಗವಿಸಿದ್ದೇಶನಿಗೆ ಫೋನ್ ಮಾಡಿದ್ದ. ಪುಷ್ಪಲತಾ ಹಿತ್ತಲ ಬಾಗಿಲಿನಿಂದ ಒಳಗೆ ಬಂದಾಗ ಗಂಡ ಅಲ್ಲೇ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

"ಪುಷ್ಪಾ, ಕೈ ಭಾಳ ನೋಯ್ತೈತೇನು?" ಎಂದು ಮೆಲ್ಲಗೆ ಕೇಳಿದ. "ನೋವಿದ್ರ ಹೇಳು, ದಾವಣಗೆರಿಗೆ ಕರ್ಕೊಂಡು ಹೋಗ್ತೀನಿ. ಅದನ್ನ ಮಾತ್ರ ಹಚ್ಚಿಕೋಬ್ಯಾಡ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು.

"ಕುಡಿಯಾಕಲ್ರಿ. ಬ್ರೆಡ್ ಮಾಡಾಕ ತಂದೀನಿ."

ಗವಿಸಿದ್ದೇಶ್ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. "ಬ್ರೆಡ್ ಬೇಕಿದ್ರ ಬೇಕರ್ಯಾಗ ಸಿಗ್ತಿತ್ತಲ್ಲ ಮಾರಾಯ್ತಿ!"

"ನನಗ ಬ್ರೆಡ್ ಬೇಕಾಗಿಲ್ಲ, ಕೆಲಸ ಬೇಕಾಗೇತಿ! ಈ ಮನ್ಯಾಗ ಎಲ್ಲಾ ನನ್ನ ಬಿಟ್ಟು ನಡ್ಯಾಕ ಹತ್ತೇತಿ. ಕೂತು ಕೂತು ಹುಚ್ಚು ಹಿಡ್ಯಾಂಗ ಆಗೇತ್ರಿ ನನಗ."

ಅವನು ಎದ್ದು ಅವಳ ಕೈಯಿಂದ ಚೀಲ ಇಸಿದುಕೊಂಡ. "ಅವ್ವಗ ಮಾತ್ರ ಹೇಳಬ್ಯಾಡ," ಎಂದು ಬಾಟಲಿಯ ಮುಚ್ಚಳವನ್ನು ತಾನೇ ತೆಗೆದುಕೊಟ್ಟ. ನೊರೆ ಉಕ್ಕಿ ಅವನ ಅಂಗಿಯ ತೋಳು ತೊಯ್ದಿತು. ಅವನು ಓಡಿಹೋಗಿ ಅಂಗಿ ಬದಲಿಸಿದ.

ಕಲಸುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಕಷ್ಟವಾದದ್ದು ಬಿಡುವುದು. ನಾಳೆಯವರೆಗೆ ಮುಟ್ಟದೆ ಬಿಡಬೇಕಿತ್ತು. ಅವಳು ಘಳಿಗೆಗೊಮ್ಮೆ ಮುಚ್ಚಿದ್ದ ತಟ್ಟೆ ಎತ್ತಿ ನೋಡಿದಳು. ಮೇಲೆ ಗುಳ್ಳೆ ಎದ್ದಿತ್ತೋ ಇಲ್ಲವೋ ತಿಳಿಯದೆ ಬೆರಳಿಂದ ಒತ್ತಿದಳು. ದಾಕ್ಷಾಯಣಮ್ಮ ನೋಡಿ ನೋಡಿ ರೇಗಿದರು. "ಹೆಪ್ಪು ಹಾಕಿದ ಹಾಲು ಹಿಂಗ ಅಳ್ಳಾಡಿಸಿದ್ರ ಮೊಸರಾಗ್ತೈತೇನು? ಬಿಡು ಅದರ ಪಾಡಿಗೆ ಅದನ್ನ!" ಅವಳು ಬಿಟ್ಟಳು. ಬಿಟ್ಟು, ಅಂಗಳ ಗುಡಿಸಿದಳು. ಗುಡಿಸಿದ ಅಂಗಳವನ್ನೇ ಮತ್ತೊಮ್ಮೆ ಗುಡಿಸಿದಳು.

ಮರುದಿನ ಊಟದ ಗದ್ದಲ ಮುಗಿದ ಮೇಲೆ ಓಬಮ್ಮ ದಪ್ಪ ತಳದ ಕಬ್ಬಿಣದ ಪಾತ್ರೆಯನ್ನು ಒಲೆಯ ಮೇಲೆ ಕಾಯಿಸಿಕೊಟ್ಟಳು. ಉಬ್ಬಿದ ಹಿಟ್ಟನ್ನು ಅದರೊಳಗೆ ಸುರಿದು, ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹರಡಿದರು. ಸ್ವಲ್ಪ ಹೊತ್ತಿಗೆ ಸುಟ್ಟ ಬೆಲ್ಲದಂಥ, ಹುಳಿ ಬಂದ ಅಂಬಲಿಯಂಥ ವಾಸನೆ ಹಿತ್ತಲು ತುಂಬಿತು. ಹೊರತೆಗೆದಾಗ ಬ್ರೆಡ್ಡಿನ ತಳ ಕರಕಾಗಿತ್ತು, ನೆತ್ತಿ ಬಿರುಕು ಬಿಟ್ಟಿತ್ತು. ಪೂರ್ತಿ ಆರಿದ ಮೇಲೆ ಕೊಯ್ಯಿರಿ ಎಂದು ವಿಡಿಯೋದವಳು ಹೇಳಿದ್ದಳು. ಪುಷ್ಪಲತಾಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಬಿಸಿಬಿಸಿಯಲ್ಲೇ ಕೊಯ್ದಳು. ಒಳಗಿನದು ಅಂಟಂಟಾಗಿ ಚಾಕುವಿಗೆ ಮೆತ್ತಿಕೊಂಡಿತು.

ಅಷ್ಟರಲ್ಲಿ ದಾಕ್ಷಾಯಣಮ್ಮ ಬಂದು, "ನನಗೊಂದು ಚೂರು ಕೊಡು, ನೋಡೋಣ," ಎಂದು ಕೈ ಚಾಚಿದರು. ಬಾಗಿಲಲ್ಲಿ ನಿಂತಿದ್ದ ಗವಿಸಿದ್ದೇಶ್ ಕಣ್ಸನ್ನೆ ಮಾಡಿದ. ಪುಷ್ಪಲತಾ ಚೂರನ್ನು ಹಿಂದಕ್ಕೆ ಎಳೆದುಕೊಂಡಳು.

"ಅತ್ತಿ, ಇದರಾಗ ಬಿಯರ್ ಐತಿ. ನಾನ ಹೋಗಿ ತಂದೀನಿ."

ಮುದುಕಿಯ ಕೈ ಚಾಚಿದಲ್ಲೇ ನಿಂತಿತು. ಸೊಸೆಯನ್ನು ನೋಡಿದರು, ಬ್ರೆಡ್ಡನ್ನು ನೋಡಿದರು. "ಅದಕ್ಕ ಏನು ನಿನ್ನಿಯಿಂದ ಬೆಕ್ಕಿನಂಗ ಸುತ್ತಾಕ ಹತ್ತಿದ್ದಿ," ಅಂದರು. "ನಾ ತಿನ್ನಂಗಿಲ್ಲವ್ವ. ಹಂಗಂತ ನೀ ತಿನ್ನಬ್ಯಾಡ ಅನ್ನಂಗೂ ಇಲ್ಲ. ಆ ಪಾತ್ರಿ ಮಾತ್ರ ದೇವರ ಮನಿ ಕಡಿ ತರಬ್ಯಾಡ." ಇಷ್ಟು ಹೇಳಿ ಒಳಗೆ ಹೋದರು. ಗವಿಸಿದ್ದೇಶ್ ಅವರ ಹಿಂದೆಯೇ ಜಾರಿಕೊಂಡ.

ಉಳಿದವರು ಇಬ್ಬರು. ಓಬಮ್ಮ ಒಂದು ತುಂಡಿಗೆ ಶೇಂಗಾ ಚಟ್ನಿ ಹಚ್ಚಿ ಅಗಿದಳು. "ಹುಳಿ ಐತ್ರಿ ಅಕ್ಕಾರ. ಹಲ್ಲಿಗೂ ಗಟ್ಟಿ. ಆದ್ರ ಚಟ್ನಿ ಜೋಡಿ ಚಲೋ ಐತಿ."

ಪುಷ್ಪಲತಾ ತನ್ನ ತುಂಡನ್ನು ಕೈಯಲ್ಲೇ ಹಿಡಿದು ಕೂತಳು. ವಾರಗಟ್ಟಲೆ ತಡೆದಿಟ್ಟಿದ್ದ ಮಾತು ಆಗ ಹೊರಗೆ ಬಂತು. "ಓಬಮ್ಮ, ನನ್ನ ಕೈ ವಾಸಿ ಆದ ಮ್ಯಾಲ ಗಿರಾಕಿಗಳು ನಿನ್ನ ರೊಟ್ಟಿನ ಕೇಳಿದ್ರ ನಾ ಏನ್ ಮಾಡ್ಲಿ?"

ಓಬಮ್ಮ ಅಗಿಯುವುದನ್ನು ನಿಲ್ಲಿಸಿದಳು. "ಇದೇನ್ರಿ ಹಿಂಗಂತೀರಿ? ನಿಮ್ಮ ಕೈ ವಾಸಿ ಆದ ಕೂಡ್ಲೇ ನನ್ನ ಬ್ಯಾಡ ಅಂತೀರೇನೋ ಅಂತ ನಾ ದಿನಾ ಹೆದರ್ಕೊಂಡು ಬರ್ತೀನಿ. ನೀವು ಹೊಸ್ತಿಲದಾಗ ಕುಂತು ನೋಡ್ತಿದ್ರ ನನ್ನ ಕೈ ನಡುಗತಾವ್ರಿ."

ಪುಷ್ಪಲತಾ ಅವಳ ಕೈಗಳನ್ನು ನೋಡಿದಳು. ಅವು ನಡುಗುತ್ತಿದ್ದುದನ್ನು ಇಷ್ಟು ದಿನ ಕಂಡಿರಲೇ ಇಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಗವಿಸಿದ್ದೇಶ್ ಎರಡನೆಯ ಒಲೆ ಹಾಕಿಸಿದ. ಈಗ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಪುಷ್ಪಲತಾಳ ಕೈ ಸೋತಾಗ ಓಬಮ್ಮ ಅವಳ ಪಾಲಿನ ಹಿಟ್ಟನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಪುಷ್ಪಲತಾ ಅದನ್ನು ಅರ್ಧ ಬಿಟ್ಟುಕೊಟ್ಟು, ಇನ್ನರ್ಧಕ್ಕೆ ಜಗಳವಾಡುತ್ತಾಳೆ.