ಮುಯ್ಯಾಳು ಹೋದ ಕಂಪ್ಯೂಟರ್

ಸರಿಯಾಗಿ ಓಡುತ್ತಿರುವ ಯಂತ್ರವನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಕೆಟ್ಟು ನಿಂತದ್ದಾದರೆ ಯಾರಾದರೂ ರಿಪೇರಿ ಮಾಡಿಕೊಳ್ಳಲಿ ಎಂದು ಮುಂದೆ ಹೋಗುತ್ತೇನೆ. ಚೆನ್ನಾಗಿ ಓಡುವುದನ್ನು ಕಂಡಾಗ ಮಾತ್ರ, ಇನ್ನೂ ಸ್ವಲ್ಪ ಚೆನ್ನಾಗಿ ಓಡಿಸಬಹುದಲ್ಲ ಎಂದು ಕೈ ತುರಿಸುತ್ತದೆ. ಇಂಥ ಕೈಗೆ ಎಂಬತ್ತರ ದಶಕದ ನಡುವೆ ಒಂದು ಪುಟ್ಟ ಕಂಪ್ಯೂಟರ್ ಸಿಕ್ಕಿತು. ಮುಂಬಯಿಯ ಭಾವ ಬೇಸರ ಬಂದು ದಾಟಿಸಿದ್ದು. ಊಟದ ತಟ್ಟೆಗಿಂತ ಚಿಕ್ಕದು. ಸಾಗರದ ನಮ್ಮ ಬಾಡಿಗೆ ಮನೆಯ ಟಿವಿಗೆ ತಂತಿ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು.

ಅದಕ್ಕೆ ಕೆಲಸ ಕೊಟ್ಟವರು ತೀರ್ಥಹಳ್ಳಿಯಲ್ಲಿದ್ದ ನಮ್ಮ ಲೆಕ್ಕದ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಮಾರುದ್ದದ ಒಂದು ಸಂಖ್ಯೆಯ ಬೆನ್ನು ಹತ್ತಿದ್ದರು. ಅದು ಒಂದನ್ನು ಬಿಟ್ಟು ಬೇರೆ ಯಾವುದಾದರೂ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ಲೋಕಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಆದರೆ ವರ್ಷಗಟ್ಟಲೆ ಕೈಯಲ್ಲೇ ಭಾಗಿಸುತ್ತ ಬಂದ ಅವರ ಕಣ್ಣು ಮಂಜಾಗತೊಡಗಿತ್ತು. ಆಪರೇಷನ್ ಮಾಡಿದರೂ ದೃಷ್ಟಿ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮೇಷ್ಟ್ರು ನನ್ನನ್ನೂ, ಹೊಸನಗರದಲ್ಲಿ ಅಂಥದ್ದೇ ಯಂತ್ರ ಇಟ್ಟುಕೊಂಡಿದ್ದ ಗೆಳೆಯ ಗಣಪತಿಯನ್ನೂ ಕರೆಸಿದರು.

“ಯಾವುದರಿಂದ ಭಾಗ ಹೋಗ್ತದೆ ಅಂತ ನೀವು ಹುಡುಕಿ ಕೊಡ್ರೋ. ಕಡೇ ಭಾಗಾಕಾರ ಮಾತ್ರ ನಾನೇ ಮಾಡ್ಬೇಕು. ಕಣ್ಣು ಕಾಣೋವಾಗ್ಲೇ ಮಾಡ್ಬೇಕು” ಎಂದರು.

ನಮ್ಮ ಕಡೆ ಸಸಿ ನೆಡುವಾಗ ಮುಯ್ಯಾಳು ಹೋಗುವುದುಂಟು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ, ಕೂಲಿಯ ಮಾತಿಲ್ಲ. ನಾವೂ ಹಾಗೆಯೇ ಲೆಕ್ಕವನ್ನು ಎರಡು ಪಾಲು ಮಾಡಿಕೊಂಡು ನಮ್ಮ ಯಂತ್ರಗಳನ್ನು ಮೇಷ್ಟ್ರ ಗದ್ದೆಗೆ ಇಳಿಸಿದೆವು. ಗಣಪತಿ ಬೆಳಿಗ್ಗೆ ತನ್ನದನ್ನು ಚಾಲೂ ಮಾಡಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬಂದು ನೋಡುತ್ತಿದ್ದ. ಅಷ್ಟು ನೆಮ್ಮದಿ ನನ್ನ ಜಾಯಮಾನದಲ್ಲೇ ಇಲ್ಲ.

ನನಗೆ ಮೊದಲು ಹತ್ತಿದ್ದು ಥಂಡಿಯ ಚಿಂತೆ. ಮಳೆಗಾಲಕ್ಕೆ ಹಪ್ಪಳ, ಬೆಂಕಿಪೆಟ್ಟಿಗೆ ಎಲ್ಲವೂ ಒಲೆಯ ಮೇಲಿನ ಅಟ್ಟ ಸೇರುವುದು ನಮ್ಮ ರೂಢಿ. ಕಂಪ್ಯೂಟರನ್ನೂ ಅಲ್ಲಿಗೇ ಏರಿಸಿದೆ. ಸಾರು ಕುದಿಯುವಷ್ಟರಲ್ಲಿ ಅದು ಬಿಸಿಯಾಗಿ, ಲೆಕ್ಕ ಮರೆತು ನಿಂತಿತು. ಇಳಿಸಿ, ಮುಚ್ಚಳ ಬಿಚ್ಚಿ, ಟೇಬಲ್ ಫ್ಯಾನ್ ಹಚ್ಚಿದೆ. ವೋಲ್ಟೇಜು ಕುಣಿಯದಂತೆ ಸ್ಟೆಬಿಲೈಸರ್ ತಂದೆ. ಆಮೇಲೆ ಗೊತ್ತಾಯಿತು, ಪರದೆಯ ಮೇಲೆ ಅಕ್ಷರ ಮೂಡಿಸುವುದರಲ್ಲೇ ಆ ಯಂತ್ರದ ಮುಕ್ಕಾಲು ಶಕ್ತಿ ಹೋಗುತ್ತದೆ ಎಂದು. ಪರದೆ ಬೇಡ ಎಂದು ಆಜ್ಞೆ ಕೊಟ್ಟರೆ ಲೆಕ್ಕ ನಾಗಾಲೋಟ. ಆದರೆ ಲೆಕ್ಕ ಎಲ್ಲಿಗೆ ಬಂತು ಎಂಬುದು ಮುಗಿಯುವ ತನಕ ಕಾಣುವುದಿಲ್ಲ.

ಖಾಲಿ ಟಿವಿಯ ಮುಂದೆ ನಾನು ಕಾಲು ಸುಟ್ಟ ಬೆಕ್ಕಿನಂತೆ ಸುತ್ತತೊಡಗಿದೆ. ಓಡುತ್ತಿದೆಯೋ, ಸತ್ತಿದೆಯೋ? ತಡೆಯಲಾರದೆ ನಿಲ್ಲಿಸಿ ನೋಡುವುದು. ಓಡುತ್ತಿತ್ತು ಎಂದು ಖಾತ್ರಿಯಾಗುವುದು. ನಿಲ್ಲಿಸಿದ್ದೇ ಆಯಿತಲ್ಲ ಎಂದು ಪ್ರೋಗ್ರಾಮನ್ನು ಒಂದಿಷ್ಟು ತಿದ್ದಿ ಮತ್ತೆ ಮೊದಲಿಂದ ಶುರು ಮಾಡುವುದು. ನನ್ನ ಯಂತ್ರ ದಿನದಿನಕ್ಕೆ ಚುರುಕಾಯಿತು, ಲೆಕ್ಕ ಮಾತ್ರ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಗಣಪತಿಯ ಸುದ್ದಿ ಬಂತು. ಅವನ ಪಾಲು ಮುಗಿದಿದೆ, ಏನೂ ಸಿಕ್ಕಿಲ್ಲ, ಮೇಷ್ಟ್ರ ಆಪರೇಷನ್ ಮುಂದಿನ ವಾರ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

“ಎಂತ, ಸೂತಕದ ಮನೇಲಿ ಕೂತಂಗೆ ಕೂತಿದೀರಿ?” ಎಂದು ಕೇಳಿದಳು ಹೆಂಡತಿ ಸಾವಿತ್ರಿ. ವಿಷಯ ಹೇಳಿದೆ. “ಅದನ್ನ ಚಾಲೂ ಮಾಡಿಟ್ಟು ಕೆಳದಿ ಬಸ್ ಹತ್ತಿ. ದೇವಸ್ಥಾನ ನೋಡಿ, ಸಂಜೆ ಮುಂಚೆ ಬರ್ಬೇಡಿ. ನೀವು ಮನೇಲಿದ್ರೆ ಅದು ಮುಗಿಯೂದಲ್ಲ” ಎಂದಳು. ನಾನು ಹೊರಟದ್ದೇ ಟಿವಿ ಇದ್ದ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಳದಿಯ ಕಂಬಗಳಲ್ಲಿ ಏನು ಕೆತ್ತನೆ ಇತ್ತೋ, ಒಂದೂ ತಲೆಗೆ ಹೋಗಲಿಲ್ಲ.

ಸಂಜೆ ಬೀಗ ತೆಗೆದಾಗ ಪರದೆಯ ಮೇಲೆ ಒಂದು ಸಂಖ್ಯೆ ಮೂಡಿ ನಿಂತಿತ್ತು. ಆ ಯಂತ್ರಕ್ಕೆ ಆದ ಸುಧಾರಣೆಗಳಲ್ಲೆಲ್ಲ ಫಲ ಕೊಟ್ಟದ್ದು ನನ್ನನ್ನು ಹೊರಗೆ ಹಾಕಿದ್ದೇ.

ಮರುದಿನವೇ ತೀರ್ಥಹಳ್ಳಿಗೆ ಹೋದೆ. ನಾನು ಹೇಳಿದ ಸಂಖ್ಯೆಯನ್ನು ಮೇಷ್ಟ್ರು ಎರಡು ಸಲ ಕೇಳಿಸಿಕೊಂಡರು. ಕಾಗದದ ಮೇಲೆ ಅವರಿಗೆ ಕಾಣುತ್ತಿರಲಿಲ್ಲ. ಜಗಲಿಯ ಕಪ್ಪು ನೆಲದ ಮೇಲೆ ಮಂಡಿಯೂರಿ, ಸೀಮೆಸುಣ್ಣದಲ್ಲಿ ಅಂಗೈಯಗಲದ ಅಂಕಿ ಬರೆಯುತ್ತ ಭಾಗಿಸತೊಡಗಿದರು. ಒಂದೊಂದು ಅಂಕಿಯನ್ನೂ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಜಗಲಿ ಸಾಲದೆ ಲೆಕ್ಕ ಹೊಸಿಲು ದಾಟಿ ನಡುಮನೆಗೆ ಹೋಯಿತು. ನಡುವೆ ಕಾಫಿ ಬಂತು, ಆರಿತು. ನನಗೋ ಒಳಗೊಳಗೇ ಚಡಪಡಿಕೆ. ಬಾಯಿಬಿಟ್ಟು ಉತ್ತರ ಹೇಳಿಬಿಡದಂತೆ ತುಟಿ ಕಚ್ಚಿಕೊಂಡಿದ್ದೆ. ಕೊನೆಗೆ ಒಂದು ಸೊನ್ನೆ ಬರೆದು, ಅದರ ಪಕ್ಕದಲ್ಲೇ ಕೂತರು. ಮುಖ ತುಂಬ ನಗು, ಮೈ ತುಂಬ ಸುಣ್ಣ.

“ಈ ಒಂದು ಭಾಗಾಕಾರಕ್ಕೆ ನಿನ್ನ ಮಿಷನ್ನಿಗೆ ಎಷ್ಟು ಹೊತ್ತು ಬೇಕಾಯ್ತೋ?” ಎಂದು ಕೇಳಿದರು.

“ಕಣ್ಣು ಮಿಟುಕಿಸೋದ್ರೊಳಗೆ ಆಗ್ತದೆ ಸಾರ್” ಎಂದೆ, ಸ್ವಲ್ಪ ಜಂಬದಿಂದಲೇ.

ಮೇಷ್ಟ್ರು ಆ ಸೊನ್ನೆಯ ಮೇಲೆ ಬೆರಳಾಡಿಸಿದರು.

“ಪಾಪ” ಎಂದರು. “ಅಷ್ಟು ಬೇಗ ಮುಗಿದೋಯ್ತಾ ಅದಕ್ಕೆ?”